ನಾಟಕದ ಡಿಗ್ರಿಗೆ ಸಾಲ ತೆಗೆಯುವ ಮೊದಲು

ಎಲ್ಲರಿಗೂ ನಮಸ್ಕಾರ. ಕುಂಬಳೆ, ಬದಿಯಡ್ಕ ಕಡೆಯ ಕೆಲವು ಮಕ್ಕಳು ಪ್ಲಸ್ ಟು ಮುಗಿಸಿ ನಾಟಕವನ್ನೇ ಓದಬೇಕು ಅಂತಿದ್ದಾರೆ. ನನಗೆ ಬಹಳ ಖುಷಿ. ಆದರೆ ಖಾಸಗಿ ಕಾಲೇಜಿನ ಫೀಸಿಗೆ ಲೋನ್ ತೆಗೆಯುವವರು ಒಮ್ಮೆ ಲೆಕ್ಕ ಹಾಕಿ.

5 ಲಕ್ಷ ಸಾಲ, ಶೇ. 10 ಬಡ್ಡಿ, 10 ವರ್ಷ ಅಂದರೆ ತಿಂಗಳಿಗೆ ಸುಮಾರು 6,600 ರೂಪಾಯಿ ಕಂತು. ಓದುವಾಗ ಕಂತು ಕಟ್ಟುವುದು ಬೇಡ ಅಂತ ಬ್ಯಾಂಕಿನವರು ಹೇಳುವುದು ಸರಿಯೇ, ಆದರೆ ಬಡ್ಡಿ ಆಗಲೂ ಓಡುತ್ತಲೇ ಇರುತ್ತದೆ, ಕಟ್ಟದೆ ಬಿಟ್ಟರೆ ಕೊನೆಗೆ ಅಸಲಿಗೆ ಸೇರಿ ಕಂತು ಇನ್ನೂ ಜಾಸ್ತಿ ಆಗುತ್ತದೆ. ನಾಟಕದವರ ಸಂಪಾದನೆ ತಿಂಗಳ ಸಂಬಳದ ಹಾಗೆ ಬರುವುದಿಲ್ಲ, ಅಲ್ವಾ? ಶಾಲಾ ಕಲೋತ್ಸವಕ್ಕೆ ನಾಟಕ ಕಲಿಸುವುದು, ಬೇಸಿಗೆ ಶಿಬಿರ, ಸೀಸನ್ ಇದ್ದಾಗ ಕೈತುಂಬ ಕೆಲಸ. ಮಳೆಗಾಲದಲ್ಲಿ ಬಹಳ ಕಡಿಮೆ. ಕಂತು ಮಾತ್ರ ಜುಲೈಯಲ್ಲೂ ಬರುತ್ತದೆ.

ಸಾಲವಿಲ್ಲದ ದಾರಿಗಳೂ ಇವೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ 3 ವರ್ಷದ ಕೋರ್ಸಿಗೆ ಸ್ಕಾಲರ್‌ಶಿಪ್ ಇದೆ. ಅಲ್ಲಿಗೆ ಯಾವ ವಿಷಯದ ಡಿಗ್ರಿಯಾದರೂ ಸಾಕು, ಆದರೆ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವ ಬೇಕು. ಹಾಗಾಗಿ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಬಿಎ ಮಾಡುತ್ತಾ ಊರಿನ ತಂಡದಲ್ಲಿ ಪಳಗುವುದೇ ಒಳ್ಳೆಯದು ಅಂತ ನನ್ನ ಗಟ್ಟಿ ಅಭಿಪ್ರಾಯ. ಹೆಗ್ಗೋಡಿನ ನೀನಾಸಂನಲ್ಲಿ ಕನ್ನಡದಲ್ಲೇ ಒಂದು ವರ್ಷದ ಕೋರ್ಸ್ ಇದೆ. ಮಲಯಾಳ ಚೆನ್ನಾಗಿ ಬರುವವರು ತ್ರಿಶೂರಿನಲ್ಲಿರುವ ಕ್ಯಾಲಿಕಟ್ ವಿಶ್ವವಿದ್ಯಾಲಯದ ನಾಟಕ ಶಾಲೆಯನ್ನೂ ನೋಡಬಹುದು.

ಅಡಿಕೆ ತೋಟ ಅಡವಿಡುವ ಮಾತು ಬಂದರೆ ದಯವಿಟ್ಟು ಅವಸರದಲ್ಲಿ ಸಹಿ ಹಾಕಬೇಡಿ. ಫೀಸಿನ ಪಟ್ಟಿ, ಬ್ಯಾಂಕಿನ ಕಾಗದ ನನಗೆ ಕಳಿಸಿ, ಒಟ್ಟಿಗೆ ಕೂತು ನೋಡೋಣ.