ಮಜ್ಜಿಗೆಹುಳಿಯಲ್ಲಿ ಕೈಮಾ ಕಡುಬು: ಮೊಸರು ಒಡೆಯುವುದು ಯಾಕೆ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮೊಸರಿನ ಸಾರಿನಲ್ಲಿ ಬೇಯಿಸುವ ಮಟನ್ ‘ಮಂತಿ’ಯ (ಟರ್ಕಿಯ ಪುಟ್ಟ ಕೈಮಾ ಕಡುಬು) ವಿಧಾನ ಬಂದಿತ್ತು. ಇಂಥ ಅಡುಗೆ ನಮ್ಮ ಜಿಲ್ಲೆಯ ಮನೆಗಳಿಗೂ ಬರಲಿ ಎಂಬ ಆಸೆಯಿಂದಲೇ ಈ ಪತ್ರ. ಅಲ್ಲಿ ಹೇಳಿದಂತೆ ಮೊಸರನ್ನು ಕುದಿಸಿ, ಹಸಿ ಕಡುಬು ಬಿಟ್ಟು, ಮುಚ್ಚಳ ಹಾಕಿ 20 ನಿಮಿಷ ಬೇಯಿಸಿದರೆ ಮೊಸರು ಒಡೆದೇ ಒಡೆಯುತ್ತದೆ. ಉಳಿಯುವುದು ತಳದಲ್ಲಿ ಮರಳು ಮರಳಾದ ಗಷ್ಟು, ಮೇಲೆ ತಿಳಿನೀರು. ಕಾಲು ಕೆಜಿ ಕೈಮಾ ದಂಡ.

ಮೊದಲು ಹೆಸರಿನ ವಿಷಯ. ಟರ್ಕಿಯ ಮಂತಿಗೆ, ಮುಖ್ಯವಾಗಿ ಕೈಸೇರಿ ಊರಿನ ರೂಢಿಯಲ್ಲಿ, ಮೊಸರನ್ನು ಕುದಿಸುವುದಿಲ್ಲ. ಬೆಂದ ಕಡುಬಿನ ಮೇಲೆ ಬೆಳ್ಳುಳ್ಳಿ ಕಲಸಿದ ಮೊಸರು ಸುರಿದು, ಮೆಣಸಿನಕಾಯಿ ಹಾಕಿ ಕಾಯಿಸಿದ ಬೆಣ್ಣೆ ಬಿಡುತ್ತಾರೆ. ಮೊಸರಿನಲ್ಲೇ ಬೇಯಿಸುವುದು ಲೆಬನಾನ್, ಸಿರಿಯಾ ಕಡೆಯ ಕೈಮಾ ಕಡುಬು ಶೀಶ್ ಬರಕ್. ಅವರು ಮೊಸರಿಗೆ ಮೆಕ್ಕೆಜೋಳದ ಹಿಟ್ಟನ್ನೋ (ಕಾರ್ನ್‌ಫ್ಲೋರ್) ಮೊಟ್ಟೆಯನ್ನೋ ಕದಡಿ, ಆಮೇಲೆ ಒಲೆಗಿಡುತ್ತಾರೆ. ಪುರವಣಿಯಲ್ಲಿ ಬಿಟ್ಟುಹೋದದ್ದು ಇದೇ.

ಮೊಸರು ಕಾದಂತೆ ಅದರ ಪ್ರೋಟೀನು ಒಂದಕ್ಕೊಂದು ಅಂಟಿ ಮುದುಡಿಕೊಂಡು, ಹಿಡಿದಿದ್ದ ನೀರನ್ನು ಬಿಟ್ಟುಬಿಡುತ್ತದೆ. ಹಿಟ್ಟಿದ್ದರೆ ಅದು ನೀರು ಕುಡಿದು ಉಬ್ಬಿ ಮಧ್ಯೆ ಅಡ್ಡ ನಿಲ್ಲುತ್ತದೆ, ಮುದುಡಲು ಬಿಡುವುದಿಲ್ಲ. ನಮ್ಮ ಮಜ್ಜಿಗೆಹುಳಿಗೆ ಕಡಲೆಬೇಳೆ, ಅಕ್ಕಿ ನೆನೆಸಿ ರುಬ್ಬಿ ಹಾಕುವುದು ಇದಕ್ಕಾಗಿಯೇ. ಬರೀ ಗಟ್ಟಿಯಾಗಲಿ ಅಂತಲ್ಲ. ನುಚ್ಚಿನುಂಡೆಗೆ ಮಜ್ಜಿಗೆಹುಳಿ ಹೊಂದುವುದು ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲೇ ಕೈಮಾ ಕಡುಬನ್ನು ಇಟ್ಟು ನೋಡಿ, ಶೀಶ್ ಬರಕ್ ಅಷ್ಟು ದೂರದ್ದು ಅನ್ನಿಸುವುದಿಲ್ಲ. ಮಾಂಸಕ್ಕೆ ಮೊಸರು ಸೇರುತ್ತದೆಯೇ ಎನ್ನುವವರು ಬಿರಿಯಾನಿಯನ್ನು ನೆನೆಯಲಿ.

ನಾಲ್ಕು ಜನರಿಗೆ ಲೆಕ್ಕ ಹೇಳುತ್ತೇನೆ. ಕೈಮಾ 250 ಗ್ರಾಂ. ಕೊಚ್ಚಿದ ಮೇಲೆ ತೊಳೆದರೆ ನೀರು ಒಳಗೇ ಉಳಿಯುತ್ತದೆ, ಆದ್ದರಿಂದ ತೊಡೆಯ ಮಾಂಸವನ್ನು ತುಂಡಿರುವಾಗಲೇ ತೊಳೆದು, ಒರೆಸಿ, ಆಮೇಲೆ ಎರಡು ಸಲ ಕೊಚ್ಚಿಸಬೇಕು. ಒಂದು ದಪ್ಪ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಬಾಡಿಸಿ, ಶುಂಠಿ ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ, ಅರ್ಧ ಚಮಚ ಉಪ್ಪು ಹಾಕಿ, ಕೈಮಾವನ್ನು ಗಂಟು ಒಡೆಯುತ್ತ 15 ನಿಮಿಷ ಹುರಿಯಿರಿ. ಬಾಣಲೆಯಲ್ಲಿ ನೀರು ಪೂರ್ತಿ ಇಂಗಬೇಕು. ಕೊನೆಗೆ ಒಂದು ಚಮಚ ಹುರಿಗಡಲೆ ಪುಡಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು. ಕೈಮಾ ಉಂಡೆಗೆ ಹುರಿಗಡಲೆ ಹಾಕುವುದು ಹಿಡಿದುಕೊಳ್ಳಲಿ ಎಂದು. ಇಲ್ಲಿ ಅದು ಉಳಿದ ಪಸೆಯನ್ನು ಹೀರುತ್ತದೆ. ಹೂರಣ ಪೂರ್ತಿ ಆರಬೇಕು. ಬಿಸಿ ಇದ್ದರೆ ಕೊಬ್ಬು ಕರಗಿ ಅಂಚಿಗೆ ಜಿನುಗುತ್ತದೆ, ಜಿಡ್ಡು ತಾಕಿದ ಅಂಚು ಎಷ್ಟು ಒತ್ತಿದರೂ ಕೂಡುವುದಿಲ್ಲ. ಕಡುಬು ಬಿಚ್ಚಿಕೊಳ್ಳುವುದು ಹೆಚ್ಚಾಗಿ ಇದರಿಂದಲೇ.

ಕಣಕಕ್ಕೆ ಮೈದಾ 250 ಗ್ರಾಂ, ಅರ್ಧ ಚಮಚ ಉಪ್ಪು, ನೀರು ಸುಮಾರು 125 ಮಿ.ಲೀ. ಪೂರಿ ಹಿಟ್ಟಿನಷ್ಟು ಗಟ್ಟಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ನಮ್ಮ ಕಡೆಯವರಿಗೆ ರಾಗಿ ಸೇರಿಸದೆ ಮನಸ್ಸು ಒಪ್ಪುವುದಿಲ್ಲ. ಸೇರಿಸಲಿ, ಆದರೆ 250 ಗ್ರಾಂನಲ್ಲಿ 50 ಗ್ರಾಂ ಮೀರಬಾರದು. ಕಣಕಕ್ಕೆ ಅಂಟು ಕೊಡುವ ಗ್ಲೂಟೆನ್ ರಾಗಿಯಲ್ಲಿ ಇಲ್ಲ. ತೆಳ್ಳಗೆ ಲಟ್ಟಿಸಿ ಮಡಿಸಿದರೆ ಮಡಿಕೆಯಲ್ಲೇ ಬಿರಿಯುತ್ತದೆ. ಅಕ್ಕಿ ಹಿಟ್ಟಿನ ಕಡುಬೂ ಮಾಡಬಹುದು, ಅದನ್ನು ಹುಳಿಯಲ್ಲಿ ಕುದಿಸದೆ ತಟ್ಟೆಗೆ ಹಾಕಿ ಮೇಲೆ ಹುಳಿ ಬಿಟ್ಟುಕೊಳ್ಳಬೇಕು.

8 ಗ್ರಾಂ ತೂಕದ ಉಂಡೆ ಮಾಡಿದರೆ 45ರ ಹತ್ತಿರ ಬರುತ್ತವೆ. ಒಂದೊಂದನ್ನೂ 7 ಸೆಂ.ಮೀ. ಅಗಲಕ್ಕೆ ಲಟ್ಟಿಸಿ, ನಡುವೆ ಒಂದೇ ಸಣ್ಣ ಚಮಚ ಹೂರಣ. ಅಂಚಿಗೆ ನೀರು ಸವರಿ, ಒಳಗಿನ ಗಾಳಿ ಹೊರಡಿಸಿ ಕರ್ಜಿಕಾಯಿಯಂತೆ ಅರ್ಧಕ್ಕೆ ಮಡಿಸಿ ಒತ್ತಿ. ಆಮೇಲೆ ಎರಡು ತುದಿಗಳನ್ನು ಹತ್ತಿರಕ್ಕೆ ತಂದು ಕೂಡಿಸಿದರೆ ಪುಟ್ಟ ಟೋಪಿಯಂತಾಗುತ್ತದೆ. ಈ ಆಕಾರ ಬರೀ ಅಂದಕ್ಕಲ್ಲ, ಆ ಗುಳಿಯಲ್ಲಿ ಹುಳಿ ನಿಲ್ಲುತ್ತದೆ.

ಬೇಯಿಸುವುದು ಇಡ್ಲಿ ಪಾತ್ರೆಯಲ್ಲಿ. ನೀರು ಕುದಿ ಬಂದ ಮೇಲೆ, ಎಣ್ಣೆ ಸವರಿದ ತಟ್ಟೆಯಲ್ಲಿ ಒಂದಕ್ಕೊಂದು ತಾಕದಂತೆ ಇಟ್ಟು 10 ನಿಮಿಷ. ಲೆಬನಾನಿನ ಎಷ್ಟೋ ಮನೆಗಳಲ್ಲಿ ಮೊದಲು ಓವನ್ನಿನಲ್ಲಿ ಹೊಂಬಣ್ಣಕ್ಕೆ ಸುಟ್ಟುಕೊಳ್ಳುತ್ತಾರೆ. ಎರಡರ ಉದ್ದೇಶವೂ ಒಂದೇ: ಕಡುಬು ಮೊಸರಿನಲ್ಲಿ ಇರಬೇಕಾದ ಹೊತ್ತು ಕಡಿಮೆಯಾಗಬೇಕು. ಹಸಿಯದನ್ನು ನೇರವಾಗಿ ಹಾಕಿದರೆ ಮೇಲಿನ ಒಣಹಿಟ್ಟು ಕರಗಿ ಹುಳಿ ಗಂಜಿಯಾಗುತ್ತದೆ.

ಇನ್ನು ಹುಳಿ. ಮೊಸರು 750 ಗ್ರಾಂ, ಹಿಂದಿನ ರಾತ್ರಿ ಹೆಪ್ಪು ಹಾಕಿದ್ದು, ಹುಳಿಯೇರದ್ದು. ಟೋನ್ಡ್ ಹಾಲಿನಲ್ಲಿ ಜಿಡ್ಡು 3%, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5%, ಎರಡನೆಯದರ ಮೊಸರು ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಕಡೆಗೋಲಿನಿಂದ ನೀರು ಹಾಕದೆ ನುಣ್ಣಗೆ ಕಡೆಯಿರಿ. ಎರಡು ಗಂಟೆ ನೆನೆದ ಎರಡು ದೊಡ್ಡ ಚಮಚ ಕಡಲೆಬೇಳೆ, ಒಂದು ಸಣ್ಣ ಚಮಚ ಅಕ್ಕಿ, ಎರಡು ದೊಡ್ಡ ಚಮಚ ತೆಂಗಿನ ತುರಿ, ನಾಲ್ಕು ಹಸಿಮೆಣಸಿನಕಾಯಿ, ಒಂದು ಸಣ್ಣ ಚಮಚ ಜೀರಿಗೆ, ಒಂದಿಷ್ಟು ಶುಂಠಿ, ಕೊತ್ತಂಬರಿ ಸೊಪ್ಪು ಸೇರಿಸಿ ಗಂಧದಂತೆ ರುಬ್ಬಬೇಕು. ಇದನ್ನು 250 ಮಿ.ಲೀ. ಮೂಳೆ ಬೇಯಿಸಿದ ರಸದಲ್ಲಿ, ಇಲ್ಲವಾದರೆ ನೀರಿನಲ್ಲಿ, ಬೇಳೆಯ ಹಸಿ ವಾಸನೆ ಹೋಗುವವರೆಗೆ ಆರೇಳು ನಿಮಿಷ ಕುದಿಸಿ. ಒಲೆಯಿಂದ ಇಳಿಸಿ, ಬೆರಳು ತಡೆಯುವಷ್ಟು ಆರಿದ ಮೇಲೆಯೇ ಮೊಸರು ಬೆರೆಸಿ. ಕುದಿಯುತ್ತಿರುವ ಮಸಾಲೆಗೆ ಫ್ರಿಜ್ಜಿನ ಮೊಸರು ಸುರಿದರೆ ಆ ಕ್ಷಣಕ್ಕೇ ಒಡೆಯುತ್ತದೆ.

ಮತ್ತೆ ಸಣ್ಣ ಉರಿ, ಮುಚ್ಚಳ ಬೇಡ. ಮರದ ಸೌಟಿನಿಂದ ತಳ ಮುಟ್ಟುವಂತೆ ಕೈಬಿಡದೆ ತಿರುಗಿಸುತ್ತಿರಬೇಕು. ಹತ್ತು ನಿಮಿಷದ ಹೊತ್ತಿಗೆ ಅಂಚಿನಲ್ಲಿ ನೊರೆ ಕಟ್ಟಿ, ನಡುವೆ ಒಂದೆರಡು ಗುಳ್ಳೆ ಏಳುತ್ತದೆ. ಆಗ ಕಡುಬು ಜಾರಿಸಿ, ಉಪ್ಪು ಹಾಕಿ, ಐದು ನಿಮಿಷ ಬಿಟ್ಟು ಇಳಿಸಿ. ಕೊತಕೊತ ಕುದಿಯಲು ಬಿಡಬಾರದು. ಕಡುಬು ಹಾಕುವ ಮೊದಲೇ ಸಣ್ಣ ಹರಳು ಕಂಡರೆ ತಕ್ಷಣ ಇಳಿಸಿ, ಒಂದು ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಹಾಕಿ ಚೆನ್ನಾಗಿ ಕಡೆದು ಮತ್ತೆ ಸಣ್ಣ ಉರಿಗಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ನೀರು ಪೂರ್ತಿ ಬಿಟ್ಟುಕೊಂಡ ಮೇಲೆ ಏನು ಮಾಡಿದರೂ ಆ ನುಣುಪು ಬರದು.

ಒಗ್ಗರಣೆಗೆ ಎರಡು ಚಮಚ ತುಪ್ಪ, ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಒಣಗಿಸಿದ ಪುದೀನ. ಉರಿ ಆರಿಸಿದ ಮೇಲೆ ಅರ್ಧ ಚಮಚ ಬ್ಯಾಡಗಿ ಮೆಣಸಿನ ತರಿ, ಇಲ್ಲವಾದರೆ ಸೀದು ಕಹಿಯಾಗುತ್ತದೆ. ಟರ್ಕಿಯವರ ಮೆಣಸಿನ ತರಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಬ್ಯಾಡಗಿ ಅದಕ್ಕೆ ಸರಿಯಾದ ಜೋಡಿ. ಸಾಸಿವೆ, ಇಂಗು ಇಲ್ಲಿ ಬೇಡ ಎನ್ನುವುದು ನನ್ನ ಅಭಿಪ್ರಾಯ, ಕೈಮಾದ ವಾಸನೆಯನ್ನು ಅವು ನುಂಗುತ್ತವೆ.

ಉಳಿದರೆ ಕಡುಬು ಬೇರೆ, ಹುಳಿ ಬೇರೆ ಫ್ರಿಜ್ಜಿನಲ್ಲಿಡಬೇಕು. ಒಟ್ಟಿಗಿಟ್ಟರೆ ಬೆಳಗಾಗುವುದರಲ್ಲಿ ಕಣಕ ಹುಳಿಯನ್ನೆಲ್ಲ ಕುಡಿದು ಒಡೆದಿರುತ್ತದೆ.

ಪುರವಣಿಯ ವಿಧಾನವನ್ನು ಕತ್ತರಿಸಿ ಇಟ್ಟುಕೊಂಡವರು ಅನೇಕರಿರುತ್ತಾರೆ. ಮೊಸರಿಗೆ ಹಿಟ್ಟು ಕಡ್ಡಾಯ, ಕಡುಬು ಮೊದಲೇ ಬೆಂದಿರಬೇಕು ಎಂಬ ಎರಡು ತಿದ್ದುಪಡಿಗಳನ್ನಾದರೂ ಮುಂದಿನ ಭಾನುವಾರ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ