ಪಂಪ್ ರೂಢಿಗಳು: ಶನಿವಾರ ರಾತ್ರಿಯೊಳಗೆ ಬರೆದು ಕಳಿಸಿ

ಎಲ್ಲರಿಗೂ ನಮಸ್ಕಾರ.

ಭಾನುವಾರ ಸಂಜೆ 6ಕ್ಕೆ ನಮ್ಮ ಆನ್‌ಲೈನ್ ಮಾತುಕತೆ ಇದೆ. ಸರ್ಜರಿ ವೇಳೆ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್ (ಪಂಪ್) ನಡೆಸುವ ರೀತಿ ಊರಿಂದ ಊರಿಗೆ ಎಷ್ಟು ಬೇರೆ ಅನ್ನೋದೇ ವಿಷಯ. ಈ ಮೆಷಿನ್ ನಡೆಸುವ ಪರ್ಫ್ಯೂಷನಿಸ್ಟ್‌ಗಳೆಲ್ಲ ಬನ್ನಿ, ಟ್ರೇನಿಗಳೂ ಬರಬೇಕು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದ ಮೇಲಿನ ನನ್ನ ಮೊದಲ ಕೇಸು ಇನ್ನೂ ನೆನಪಿದೆ. ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿ 20 ನಿಮಿಷ ಆಗುತ್ತಲೇ ಕೈ ತಾನಾಗಿ ಮುಂದಿನ ಡೋಸಿಗೆ ಹೋಯಿತು. ಅಲ್ಲಿ ನನಗೆ ಹೃದಯ ನಿಲ್ಲಿಸಿ ಕಾಪಾಡಲು (ಕಾರ್ಡಿಯೋಪ್ಲೀಜಿಯಾ) ಸೇಂಟ್ ಥಾಮಸ್ ದ್ರಾವಣ ರೂಢಿ, ಸುಮಾರು 20 ನಿಮಿಷಕ್ಕೊಮ್ಮೆ ಕೊಡುತ್ತಿದ್ದೆ. ಇಲ್ಲಿ ಡೆಲ್ ನಿಡೊ. ಕೆಜಿಗೆ 20 ಎಂಎಲ್, ದೊಡ್ಡವರಿಗೆ ಸಾಮಾನ್ಯವಾಗಿ 1 ಲೀಟರ್‌ವರೆಗೆ, ಆಮೇಲೆ ಒಂದು ಗಂಟೆಗೂ ಜಾಸ್ತಿ ಸುಮ್ನೆ ಕಾಯಬಹುದು. ಪಿಟ್ಸ್‌ಬರ್ಗ್‌ನಲ್ಲಿ ಮಕ್ಕಳ ಹೃದಯಕ್ಕೆಂದು ಮಾಡಿದ್ದು ಅದು, ಈಗ ದೊಡ್ಡವರಿಗೂ ಬಂದಿದೆ.

ಆಫ್-ಪಂಪ್, ಅಂದ್ರೆ ಪಂಪ್ ಇಲ್ಲದೆ ಮಾಡುವ ಸರ್ಜರಿ, ಕೂಡ ಹಾಗೇ. ಅಮೆರಿಕದಲ್ಲಿ ಬೈಪಾಸ್ ಸರ್ಜರಿ ಹೆಚ್ಚಾಗಿ ಪಂಪ್ ಮೇಲೆ. ಜಪಾನ್‌ನಲ್ಲಿ, ನಮ್ಮಲ್ಲಿ ಬಡಿಯುವ ಹೃದಯದ ಮೇಲೇ ಹೊಲಿಯುವುದು ತುಂಬಾ. ಆಗ ಸ್ಟ್ಯಾಂಡ್‌ಬೈ ಸರ್ಕ್ಯೂಟ್ (ಪಂಪ್‌ನ ಕೊಳವೆಗಳು) ಪ್ರೈಮ್ ಮಾಡಿ, ಅಂದ್ರೆ ದ್ರವ ತುಂಬಿ ಇಡ್ತೀರಾ, ಒಣದಾಗೇ ಇಡ್ತೀರಾ? ನನಗೆ ಇದೇ ಮುಖ್ಯ ಪ್ರಶ್ನೆ. ತುರ್ತಿನಲ್ಲಿ ಪ್ರತಿ ನಿಮಿಷವೂ ಲೆಕ್ಕ ಅಲ್ವಾ?

ನಿಮ್ಮ ಯೂನಿಟ್‌ನ ಕಾರ್ಡಿಯೋಪ್ಲೀಜಿಯಾ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಡೋಸ್, ಪಂಪ್‌ಗೆ ಹೋಗಲು ಬೇಕಾದ ಎಸಿಟಿ, ಅಂದ್ರೆ ರಕ್ತ ಹೆಪ್ಪುಗಟ್ಟುವ ಸಮಯ (480 ಸೆಕೆಂಡಾ, ಕಡಿಮೆಯಾ), ತಾಪಮಾನ, ಪ್ರೈಮ್ ಪ್ರಮಾಣ ಬರೆದು ಶನಿವಾರ ರಾತ್ರಿ 9ರೊಳಗೆ ನನಗೆ ಕಳಿಸಿ. ರೋಗಿಯ ಹೆಸರು, ಫೈಲ್ ಫೋಟೊ ಖಂಡಿತ ಬೇಡ. ಡ್ಯೂಟಿ ಇದ್ದವರು ವಾಯ್ಸ್ ನೋಟ್ ಹಾಕಿದರೂ ಸಾಕು.

ಬರುವವರು ಇಲ್ಲೇ ‘ಬರ್ತೀನಿ’ ಅಂತ ಹಾಕಿ.