ಅವ್ವ, ನಿನ್ನ ಬಾವುಟ ಇಲ್ಲಿ ಎಲ್ಲರೂ ನೋಡಿದರು

ಸ್ಯಾನ್ ಆಂಟೋನಿಯೊ, ಟೆಕ್ಸಾಸ್
21 ಜುಲೈ 2019

ಪ್ರೀತಿಯ ಅವ್ವನಿಗೆ,

ನಾನು ಆರಾಮ ಇದ್ದೇನೆ. ಅಪ್ಪನ ಮೊಣಕಾಲು ನೋವು ಹೇಗಿದೆ? ವಾರವಿಡೀ ಫೋನ್ ಮಾಡಲಿಲ್ಲ ಅಂತ ಸಿಟ್ಟಾಗಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ನಿಂತಿದ್ದ ಬಾವುಟದವರ ಸಮ್ಮೇಳನ ಮೊನ್ನೆ ಮುಗಿಯಿತು. ಬಾವುಟಗಳ ಬಗ್ಗೆ ಓದುವವರು, ಕೂಡಿಡುವವರು ಎರಡು ವರ್ಷಕ್ಕೊಮ್ಮೆ ಹೀಗೆ ಒಂದೊಂದು ದೇಶದಲ್ಲಿ ಸೇರುತ್ತಾರೆ. 1965ರಲ್ಲಿ ನೆದರ್ಲೆಂಡ್ಸಿನಲ್ಲಿ ಶುರುವಾದದ್ದು, ಇದು 28ನೆಯದು. ಈ ವಿದ್ಯೆಗೆ ವೆಕ್ಸಿಲಾಲಜಿ ಎಂದು ಹೆಸರಿಟ್ಟವರು ವಿಟ್ನಿ ಸ್ಮಿತ್. ಗಯಾನಾ ದೇಶದ ಬಾವುಟ ರೂಪಿಸಿದ್ದೂ ಅವರೇ.

ಈ ಊರಿನ ಹಳೇ ಪೇಟೆ ಇದಕ್ಕೆ ಹೇಳಿ ಮಾಡಿಸಿದ ಜಾಗ. 1718ರ ಊರು. ಸ್ಪೇನ್, ಫ್ರಾನ್ಸ್, ಮೆಕ್ಸಿಕೊ, ಟೆಕ್ಸಾಸ್ ಗಣರಾಜ್ಯ, ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳು, ಕೊನೆಗೆ ಅಮೆರಿಕ. ಹೀಗೆ ಟೆಕ್ಸಾಸಿನ ಮೇಲೆ ಆರು ಬಾವುಟ ಹಾರಿವೆ ಅಂತ ಇಲ್ಲಿನವರು ಹೇಳುತ್ತಾರೆ. ಪೇಟೆ ನಡುವೆಯೇ ಆಲಮೋ ಎಂಬ ಹಳೇ ಕೋಟೆ ಇದೆ. 1836ರ ಮಾರ್ಚ್ 6ರಂದು ಮೆಕ್ಸಿಕೊ ಸೈನ್ಯ ಅದನ್ನು ಗೆದ್ದಿತು. ಅಂದು ವಶಪಡಿಸಿಕೊಂಡ ಒಂದು ಬಾವುಟ ಇಂದಿಗೂ ಮೆಕ್ಸಿಕೊ ಹತ್ತಿರವೇ ಇದೆ. ಸಂಜೆ ನದಿ ದಂಡೆಗೆ ಹೋಗುತ್ತಿದ್ದೆವು. ದಾರಿ ರಸ್ತೆಗಿಂತ ಒಂದು ಮಹಡಿಯಷ್ಟು ಕೆಳಗಿದೆ, ದೊಡ್ಡ ಮರಗಳ ನೆರಳು. ಮೇಲಿನ ಬಿಸಿಲಂತೂ ಕೇಳಲೇಬೇಡ.

ಮೊದಲ ದಿನ ಬೆಳಿಗ್ಗೆ ಒಂದು ಎಡವಟ್ಟಾಯಿತು. ಬಾವುಟ ಕಟ್ಟುವವರು ಸಭಾಂಗಣದಲ್ಲಿ ಸಾಲಾಗಿ ಕಟ್ಟಿ ಹೋಗಿದ್ದರು. ನಮ್ಮದು ಎಲ್ಲಿದೆ ಅಂತ ಹುಡುಕಿದೆ. ಕೇಸರಿ, ಬಿಳಿ, ಹಸಿರು ಸರಿಯಾಗಿಯೇ ಇತ್ತು. ಹತ್ತಿರ ಹೋದರೆ ನಡುವೆ ಚಕ್ರವೇ ಇಲ್ಲ, ಕೇಸರಿ ಬಣ್ಣದ ಒಂದು ದುಂಡು! ಅದು ಆಫ್ರಿಕಾದ ನೈಜರ್ ದೇಶದ್ದು. ನನಗೆ ಎದೆ ಧಸಕ್ಕೆಂದಿತು. ಜನ ಬರಲು ಅರ್ಧ ಗಂಟೆ ಇತ್ತು. ಚೀಲದಲ್ಲಿ ನೀನು ಕಳಿಸಿದ ಬಾವುಟ ಇತ್ತಲ್ಲ, ಮೂರಕ್ಕೆ ಎರಡು ಅಡಿಯದು, ಅದನ್ನೇ ತೆಗೆದು ಇಸ್ತ್ರಿ ಮಾಡಿ, ಏಣಿ ಹತ್ತಿ ಕಟ್ಟಿದೆ. ನೈಜರ್‌ನದನ್ನು ಅದರ ಜಾಗಕ್ಕೆ ಹಾಕಿದೆ, ಅವರ ಬಾವುಟಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು ಅಲ್ವಾ?

ಮಧ್ಯಾಹ್ನ ವಯಸ್ಸಾದ ಒಬ್ಬರು ಅದರ ಕೆಳಗೇ ನಿಂತುಬಿಟ್ಟಿದ್ದರು. ಸುತ್ತ ಇದ್ದದ್ದೆಲ್ಲ ನೈಲಾನ್, ಪಾಲಿಯೆಸ್ಟರ್. ಇದೊಂದೇ ಖಾದಿ. ಇಳಿಸಿ ತೋರಿಸುತ್ತೀಯಾ ಅಂದರು. ಅವ್ವ, ಅವರು ಕೈ ಒರೆಸಿಕೊಂಡು ಬಂದು ಮುಟ್ಟಿದರು. ನೂಲಿನ ಗಂಟು ನೋಡಿದರು, ಅಂಚಿನ ಹೊಲಿಗೆಯ ಮೇಲೆ ಬೆರಳು ಆಡಿಸಿದರು, ಹಗ್ಗದ ತುದಿಯ ಮರದ ತುಂಡನ್ನು ತಿರುಗಿಸಿ ನೋಡಿದರು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದರು. ಎರಡೂ ಬದಿಯ ಚಕ್ರ ಒಂದರ ಮೇಲೊಂದು ಕೂತಿತ್ತು. 24 ಗೆರೆಗಳಲ್ಲಿ ಒಂದೂ ಆಚೀಚೆ ಆಗಿರಲಿಲ್ಲ.

ಯಾರು ಮಾಡಿದ್ದು ಅಂತ ಕೇಳಿದರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮ ಅವ್ವ ಹೊಲಿದದ್ದು ಅಂದೆ. ಅಷ್ಟು ಹೇಳುವಾಗ ಗಂಟಲು ಕಟ್ಟಿತು. ನೂಲು, ಬಟ್ಟೆ ಬಾಗಲಕೋಟೆ ಕಡೆಯಿಂದ ಬರುತ್ತದೆ, ಅಳತೆ ಒಂಬತ್ತು ಬಗೆ, ದೊಡ್ಡದು 21 ಅಡಿ ಉದ್ದ 14 ಅಡಿ ಅಗಲ, ಒಂದು ಎಳೆ ತಪ್ಪಿದರೂ ಪಾಸಾಗುವುದಿಲ್ಲ ಅಂತೆಲ್ಲ ಹೇಳಿದೆ. ನೋಡನೋಡುತ್ತಲೇ ಹತ್ತಿಪ್ಪತ್ತು ಜನ ಸೇರಿದರು. ಭಾರತದಲ್ಲಿ ವಸ್ತುಗಳ ಗುಣಮಟ್ಟಕ್ಕೆ ಗೊತ್ತುಮಾಡಿದ ಮಾನಕಗಳಲ್ಲಿ ಸಂಖ್ಯೆ 1 ಸಿಕ್ಕಿರುವುದೇ ಬಾವುಟಕ್ಕೆ ಅನ್ನುವುದು ಅವರಲ್ಲಿ ಒಬ್ಬರಿಗೆ ಗೊತ್ತಿತ್ತು! ನಮ್ಮ ಹಳದಿ-ಕೆಂಪು ಬಾವುಟದ ಬಗ್ಗೆಯೂ ಕೇಳಿದರು. ಹೋದ ವರ್ಷ ಸರ್ಕಾರ ನಡುವೆ ಬಿಳಿ ಸೇರಿಸಿ, ಗಂಡಭೇರುಂಡ ಇಟ್ಟು ತೋರಿಸಿತ್ತಲ್ಲ, ಅದನ್ನು ಹಾಳೆಯ ಮೇಲೆ ಬಿಡಿಸಿ ತೋರಿಸಿದೆ.

ಒಂದು ಪ್ರಶ್ನೆಗೆ ಮಾತ್ರ ಉತ್ತರ ಗೊತ್ತಿರಲಿಲ್ಲ. ಎರಡು ಬದಿಯ ಚಕ್ರ ಅಷ್ಟು ಕರಾರುವಾಕ್ಕಾಗಿ ಹೇಗೆ ಕೂರಿಸುತ್ತೀರಿ? ಚಕ್ರದ ಅಚ್ಚು ಹಾಕುವ ಅಕ್ಕಂದಿರನ್ನು ಕೇಳಿ, ಒಂದೊಂದಾಗಿ ಹೇಳಿ ತಮ್ಮನ ಕೈಲಿ ಬರೆಸು. ಆ ಅಜ್ಜನಿಗೆ ಬರೆದು ಕಳಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ನಿನ್ನ ಮಗಳು,
ಸುಮಾ